ಪದವಿನ ಮೇಲೆ 40 ಮನೆ: ಕೈ ಎತ್ತೋಣವಾ, ಬೇಡವಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಒಂದು ವಾರ್ಡು. ಹೆಸರು ಬೇಡ, ಜಗಳ ಇನ್ನೂ ಆರಿಲ್ಲ. ಬರುವ ಭಾನುವಾರ ಗ್ರಾಮಸಭೆ. ವಿಷಯ ಒಂದೇ. ವಾರ್ಡಿನ ಮೇಲ್ಗಡೆ ಇರುವ ಪದವಿನಲ್ಲಿ, ಅಂದರೆ ಗುಡ್ಡೆಯ ತಲೆಯ ಮೇಲಿನ ಕೆಂಪು ಕಲ್ಲಿನ ಬಯಲಿನಲ್ಲಿ, ಸರಕಾರಿ ಜಾಗದಲ್ಲಿ, ಜಾಗವೂ ಮನೆಯೂ ಇಲ್ಲದ 40 ಕುಟುಂಬಗಳಿಗೆ ನಾಲ್ಕು ಮಹಡಿಯ ಕಟ್ಟಡ ಕಟ್ಟಲು ವಾರ್ಡಿನವರು ಒಪ್ಪುತ್ತಾರಾ, ಇಲ್ವಾ? ಗ್ರಾಮಸಭೆ ಹೇಳುವುದು ಶಿಫಾರಸು ಅಷ್ಟೆ. ಆದರೆ ಜನರೇ ಬೇಡ ಅಂದ ಮೇಲೆ ಯಾವ ಮೆಂಬರೂ ಆ ಫೈಲು ಹಿಡಿದು ಓಡಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಒಂದು ತಿಂಗಳಿಂದ ಭಜನಾ ಮಂದಿರದ ಜಗಲಿಯಲ್ಲಿ ಜನ ಎರಡು ಕಡೆ ಕೂರುತ್ತಿದ್ದಾರೆ. ವಾರ್ಡಿನ ವಾಟ್ಸ್ಆ್ಯಪ್ ಗುಂಪು ಒಡೆದು ಎರಡಾಗಿದೆ. ಇಬ್ಬರ ಹತ್ತಿರ ಬರೆದುಕೊಡಿ ಅಂತ ಕೇಳಿದೆವು. ಇಬ್ಬರೂ ಒಬ್ಬರನ್ನೊಬ್ಬರು ಬಲ್ಲವರು.

ಪರ: ನಮ್ಮ ಹತ್ತು ಸೆಂಟ್ಸು ಇನ್ನು ಪಾಲಾಗುವುದಿಲ್ಲ

ನಮ್ಮ ಅಜ್ಜಿಗೆ ಜಾಗ ಸಿಕ್ಕಿದ್ದು ಕುಡಿಕಿಡಪ್ಪಿನ ಕಾನೂನಿನಲ್ಲಿ. 1970ರ ಜನವರಿ 1ಕ್ಕೆ ಕೇರಳದಲ್ಲಿ ಭೂಸುಧಾರಣೆ ಜಾರಿಗೆ ಬಂತಲ್ಲ, ಅದರಲ್ಲಿ. ಧನಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಇದ್ದವರಿಗೆ ಪಂಚಾಯತಿನಲ್ಲಾದರೆ 10 ಸೆಂಟ್ಸು, ಮುನ್ಸಿಪಾಲಿಟಿಯಲ್ಲಾದರೆ 5 ಸೆಂಟ್ಸು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಪಟ್ಟೆಯ ಕಾಗದವನ್ನು ತಗಡಿನ ಪೆಟ್ಟಿಗೆಯಲ್ಲಿ ಸೀರೆಯ ಅಡಿಗೆ ಇಟ್ಟು, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ತೆಗೆದಿಡುತ್ತಿದ್ದಳು. ನಾವು ಮಕ್ಕಳು ಅದನ್ನು ಮುಟ್ಟುವ ಹಾಗಿರಲಿಲ್ಲ.

ಈಗ ಆ ಹತ್ತು ಸೆಂಟ್ಸಿನಲ್ಲಿ ಮೂರು ಒಲೆ ಉರಿಯುತ್ತದೆ. ಇಬ್ಬರು ಅಣ್ಣಂದಿರ ಸಂಸಾರ, ಮತ್ತೆ ನಾನು. ಮದುವೆಯಾಗಿ ಹೋಗಿದ್ದ ನಾನು ಏಳು ವರ್ಷದ ಹಿಂದೆ ಎರಡು ಮಕ್ಕಳನ್ನು ಕರೆದುಕೊಂಡು ವಾಪಸು ಬಂದೆ. ಕಾರಣ ಇಲ್ಲಿ ಬೇಡ. ಒಟ್ಟು ಹನ್ನೊಂದು ಜನ. ಹತ್ತು ಸೆಂಟ್ಸು ಅಂದರೆ ಕೇಳಲು ಜಾಸ್ತಿ ಅನ್ನಿಸಬಹುದು. ಅದರಲ್ಲಿ ಮನೆ ಇದೆ, ಬಾವಿ ಇದೆ, ಬಾವಿಯಿಂದ ದೂರಕ್ಕೆ ಕಕ್ಕಸುಗುಂಡಿ ಇದೆ, ಹಿಂದಿನ ಮನೆಯವರಿಗೆ ಹೋಗಲು ಬಿಟ್ಟ ದಾರಿ ಇದೆ. ಮೂಲೆಯಲ್ಲಿ ಎರಡು ತೆಂಗು. ಅದರ ಬುಡದ ಹತ್ತಿರ ಅಜ್ಜಿಯನ್ನೂ ಅಪ್ಪನನ್ನೂ ಸುಟ್ಟ ಜಾಗ. ಅಲ್ಲಿ ಗೋಡೆ ಎಬ್ಬಿಸಲು ಯಾರಿಗೆ ಮನಸ್ಸು ಬರುತ್ತದೆ, ಹೇಳಿ?

ಜೋರು ಮಳೆಯ ಆಟಿ ತಿಂಗಳ ಒಂದು ರಾತ್ರಿ ನಮ್ಮ ಮನೆಗೆ ಬಂದು ನೋಡಿ. ಚಾವಡಿಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹಾಕಿರುತ್ತೇವೆ. ಆ ಬಟ್ಟೆಯ ಅಡಿಯಲ್ಲೇ ಚಾಪೆ. ದೊಡ್ಡಣ್ಣನ ಮಗನಿಗೆ ಹತ್ತೊಂಬತ್ತು ವರ್ಷ, ಅವನು ಜಗಲಿಯಲ್ಲಿ ಮಲಗುತ್ತಾನೆ. ಗಾಳಿ ಪಡುವಣದಿಂದ ಬೀಸಿದರೆ ಚಾಪೆ ಸುತ್ತಿಕೊಂಡು ಒಳಗೆ ಬಂದು ಗೋಡೆಗೆ ಒರಗಿ ಕೂರುತ್ತಾನೆ, ಬೆಳಗಾಗುವವರೆಗೆ. ನನ್ನ ಮಗಳು ಹತ್ತನೇ ಕ್ಲಾಸು. ಪುಸ್ತಕಗಳನ್ನು ಖಾಲಿ ಅಕ್ಕಿ ಡ್ರಮ್ಮಿನಲ್ಲಿ ಇಟ್ಟು ಮುಚ್ಚಳ ಹಾಕುತ್ತಾಳೆ. ಓದುವುದು ಎಲ್ಲರೂ ಮಲಗಿದ ಮೇಲೆ, ಅಡುಗೆ ಕೋಣೆಯ ಮೆಟ್ಟಿಲಲ್ಲಿ. ಅತ್ತಿಗೆಯಂದಿರು ಒಳ್ಳೆಯವರು. ಆದರೆ ಒಂದೇ ಬಚ್ಚಲಿಗೆ ಬೆಳಗ್ಗೆ ಆರು ಗಂಟೆಗೆ ಹನ್ನೊಂದು ಜನ ಕಾಯುವಾಗ ಎಂಥ ಒಳ್ಳೆಯವರಿಗೂ ಸಿಟ್ಟು ಬರುತ್ತದೆ.

ಮನೆ ಇಲ್ಲದವರಿಗೆ ಮನೆ ಕೊಡುವ ಕೇರಳ ಸರಕಾರದ ಯೋಜನೆ ಲೈಫ್ ಮಿಷನ್‌ಗೆ ನಾನು ಅರ್ಜಿ ಹಾಕಿದೆ. ಮೊದಲ ಸಲ ಆಗಲಿಲ್ಲ, ಯಾಕೆಂದರೆ ಒಂದು ರೇಷನ್ ಕಾರ್ಡಿಗೆ ಒಂದು ಮನೆ ಅಂತ ಲೆಕ್ಕ. ನಾವೆಲ್ಲ ಅಪ್ಪನ ಕಾರ್ಡಿನಲ್ಲೇ ಇದ್ದೆವು. ಕಾರ್ಡು ಬೇರೆ ಮಾಡಿಸಲು ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಎಷ್ಟು ಸಲ ಹೋದೆನೋ. ಆಮೇಲೆ ಪಟ್ಟಿಗೆ ಹೆಸರು ಬಂತು. ಆದರೆ ಸ್ವಂತ ಜಾಗ ಇದ್ದವರಿಗೆ ಕಟ್ಟಲು 4 ಲಕ್ಷ ರೂಪಾಯಿ ಸಿಗುತ್ತದೆ. ಜಾಗವೇ ಇಲ್ಲದ ನನಗೆ ಆ ದುಡ್ಡು ಎಲ್ಲಿ ಇಳಿಯಬೇಕು? ನಮ್ಮಂಥವರಿಗೆ ಇರುವ ದಾರಿ ಒಟ್ಟಾಗಿ ಕಟ್ಟುವ ಫ್ಲಾಟು. ಜಾಗ ಇರುವವರು ಸ್ವಲ್ಪ ಜಾಗ ದಾನ ಕೊಡಿ ಅಂತ ಸರಕಾರ 2021ರಲ್ಲಿ ಕೇಳಿಕೊಂಡಿತ್ತು. ನಮ್ಮ ವಾರ್ಡಿನಲ್ಲಿ ಯಾರೂ ಮುಂದೆ ಬರಲಿಲ್ಲ. ಇದನ್ನು ಯಾರನ್ನೋ ಚುಚ್ಚಲು ಹೇಳುತ್ತಿಲ್ಲ. ನಡೆದದ್ದು ಹೇಳುತ್ತಿದ್ದೇನೆ.

ಈಗ ಪದವಿನ ಮಾತು. ಅದು ಗದ್ದೆಯಲ್ಲ. ಕೇರಳದಲ್ಲಿ 2008ರಿಂದ ಗದ್ದೆ ಮುಚ್ಚಿ ಕಟ್ಟಡ ಕಟ್ಟುವುದಕ್ಕೆ ತಡೆ ಇದೆ. ಅದು ಒಳ್ಳೆಯದೇ. ಹಾಗಾದರೆ ತಗ್ಗಿನ ಗದ್ದೆ ಇರುವ ಬೈಲಿನಲ್ಲಿ ಕಟ್ಟುವ ಹಾಗಿಲ್ಲ. ಅದರ ಮೇಲಿನ ಮಜಲಿನಲ್ಲಿ, ಇನ್ನೂ ಮೇಲಿನ ಬೆಟ್ಟಿನಲ್ಲಿ ಇರುವುದೆಲ್ಲ ಒಬ್ಬೊಬ್ಬರ ತೋಟ. ಉಳಿದದ್ದು ಪದವು ಒಂದೇ. ಅಲ್ಲೂ ಬೇಡ ಅಂದರೆ ನಾವು ಎಲ್ಲಿಗೆ ಹೋಗಬೇಕು?

ಪದವು ಮುಟ್ಟಬಾರದ ಜಾಗ ಅಂತ ಈಗ ಹೇಳುತ್ತಾರೆ. ಅದೇ ಗುಡ್ಡೆಯ ಬಡಗು ಬದಿಯಲ್ಲಿ ಎಷ್ಟು ವರ್ಷ ಕೆಂಪು ಕಲ್ಲು ಕಡಿದರು. ಮೆಷಿನಿನ ಗರಗಸ ಬೆಳಗ್ಗಿನಿಂದ ಸಂಜೆವರೆಗೆ ಕೂಗುತ್ತಿತ್ತು. ಅಂಗನವಾಡಿಯ ಮಕ್ಕಳ ತಟ್ಟೆಯ ಗಂಜಿಯಲ್ಲಿ ಕೆಂಪು ಧೂಳು. ದಿನಕ್ಕೆ ಇಪ್ಪತ್ತು ಲಾರಿ ಇಳಿಯುವಾಗ ಯಾರೂ ಗ್ರಾಮಸಭೆ ಕರೆಯಿರಿ ಅನ್ನಲಿಲ್ಲ. ಆ ಕಲ್ಲು ಎಲ್ಲಿಗೆ ಹೋಯಿತು? ಈಗ ಪದವು ಉಳಿಸಿ ಅನ್ನುವವರ ಮನೆಗೂ ಹೋಯಿತು. ಇದು ನನಗೆ ನಿಜವಾಗಿ ನೋವಾಗುವ ವಿಷಯ. ಕಲ್ಲು ಹೋಗುವಾಗ ಅದು ಬರೀ ಗುಡ್ಡೆ, ನಾವು ಬರುವಾಗ ಅದು ಜೀವಜಲ ಅಂದರೆ ಹೇಗೆ?

ನೀರಿನ ಮಾತಿಗೆ ಬರುತ್ತೇನೆ. ನೀರು ಬೇಡ ಅನ್ನಲು ನಾನು ಯಾರು? ಏಪ್ರಿಲಿನಲ್ಲಿ ನಮ್ಮ ಬಾವಿಯ ತಳದ ಕಲ್ಲು ಕಾಣುತ್ತದೆ. ಆಗ ನಾವು ನೀರು ತರುವುದು ಕೆಳಗಿನ ತೋಟದವರ ಸುರಂಗದಿಂದಲೇ, ಅಂದರೆ ನೀರಿಗಾಗಿ ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆದ ಮಾಟೆಯಿಂದ. ಅವರು ಯಾವತ್ತೂ ಬೇಡ ಅಂದವರಲ್ಲ, ಅದನ್ನು ನಾನು ಮರೆಯುವುದಿಲ್ಲ. ಆದರೆ ಬೇರೆಯವರ ಅಂಗಳಕ್ಕೆ ಹೋಗಿ ನೀರು ಕೇಳುವುದು ಅಂದರೆ ಏನು ಅಂತ ಕೇಳಿದವರಿಗೇ ಗೊತ್ತು. ನಾಯಿ ಬೊಗಳುತ್ತದೆ, ನಾವು ಗೇಟಿನ ಹತ್ತಿರ ನಿಲ್ಲುತ್ತೇವೆ, ಒಳಗಿನಿಂದ ಯಾರಾದರೂ ಬರುವವರೆಗೆ.

ಕಟ್ಟಡ ಕಟ್ಟಿದರೆ ನೀರು ಹಾಳಾಗಲೇಬೇಕು ಅಂತ ಏನಿದೆ? ಮಳೆನೀರು ಹಿಡಿಯುವ ವ್ಯವಸ್ಥೆ ಇಂಥ ಕಟ್ಟಡಕ್ಕೆ ಕೇರಳದ ನಿಯಮದಲ್ಲೇ ಕಡ್ಡಾಯ. ನಾನು ಹೆಂಗಸರ ಸಂಘ ಕುಟುಂಬಶ್ರೀಯಲ್ಲಿ ಲೆಕ್ಕ ಬರೆಯುವವಳು, ಒಂದು ಲೆಕ್ಕ ಹಾಕಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. 500 ಚದರ ಮೀಟರಿನ ಛಾವಣಿ ಇದ್ದರೆ ಅದರ ಮೇಲೆ ಬೀಳುವುದು 17,50,000 ಲೀಟರ್. ಅದರಲ್ಲಿ ಅರ್ಧ ಹಿಡಿದು ಇಂಗಿಸಿದರೂ ಗುಡ್ಡೆಗೇ ಸೇರಿತಲ್ಲ? ಈಗ ಪಾದೆ, ಅಂದರೆ ಬರೀ ಬಂಡೆಯ ಮೇಲೆ ಬಿದ್ದ ಮಳೆ ಜೂನಿನಲ್ಲಿ ತೋಡಿಗೆ ಓಡಿ, ಹೊಳೆಗೆ ಓಡಿ, ಸಮುದ್ರ ಸೇರುತ್ತದೆ. ಬೋರ್‌ವೆಲ್ ಕೊರೆಯಬಾರದು ಅಂತ ಷರತ್ತು ಹಾಕಿ. ಕೊಳಚೆ ನೀರು ಶುದ್ಧ ಮಾಡುವ ಘಟಕ ಬೇಕೇ ಬೇಕು ಅಂತ ಬರೆಸಿ. ನಾನೂ ಅದಕ್ಕೆ ಕೈ ಎತ್ತುತ್ತೇನೆ. ಷರತ್ತು ಹಾಕುವುದು ಬೇರೆ, ಬೇಡವೇ ಬೇಡ ಅನ್ನುವುದು ಬೇರೆ.

ಇನ್ನೊಂದು ಮಾತು ಓಡಾಡುತ್ತಿದೆ. "ಹೊರಗಿನವರು ಬಂದು ತುಂಬುತ್ತಾರೆ" ಅಂತ. ಯಾವ ಭಾಷೆಯವರು, ಯಾವ ಜಾತಿಯವರು, ಯಾವ ಮತದವರು ಅಂತ ಗುಸುಗುಸು. ಪಟ್ಟಿಯಲ್ಲಿರುವವರು ಎಲ್ಲರೂ ನಮ್ಮದೇ ಪಂಚಾಯತಿನವರು. ಗ್ರಾಮಸಭೆಯಲ್ಲಿ ಓದಿ ಹೇಳಿದ ಹೆಸರುಗಳು. ತೊಳಿಲುರಪ್ಪಿನಲ್ಲಿ, ಅಂದರೆ ಉದ್ಯೋಗ ಖಾತ್ರಿ ಕೆಲಸದಲ್ಲಿ, ನನ್ನ ಜೊತೆ ಕಣಿ ಕಡಿಯುವವರು ನಾಲ್ಕು ಜನ ಅದರಲ್ಲಿದ್ದಾರೆ. ಒಬ್ಬರು ತುಳು, ಒಬ್ಬರು ಮರಾಠಿ, ಒಬ್ಬರು ಮಲಯಾಳ ಮಾತಾಡುವವರು, ಒಬ್ಬರು ಕೊರಗರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಒಟ್ಟಿಗೆ ಕೂರುತ್ತೇವೆ. ಇಷ್ಟು ವರ್ಷ ಇದೇ ಮಣ್ಣಿನಲ್ಲಿ ಕೆಲಸ ಮಾಡಿದವರು ಒಂದು ಮನೆ ಕೇಳಿದ ಕೂಡಲೇ ಹೊರಗಿನವರು ಆಗಿಬಿಡುತ್ತಾರಾ?

ಕಣ್ಣೂರಿನ ಕಡಂಬೂರಿನಲ್ಲಿ ಲೈಫ್‌ನ ನಾಲ್ಕು ಮಹಡಿ ಕಟ್ಟಡ ಇದೆ. 44 ಮನೆ. 2023ರ ಏಪ್ರಿಲಿನಲ್ಲಿ ಉದ್ಘಾಟನೆ ಆದದ್ದು. ಕಳೆದ ವರ್ಷ ಆ ಕಡೆ ಹೋಗಿದ್ದಾಗ ನಾನು ರಸ್ತೆಯಲ್ಲಿ ನಿಂತು ನೋಡಿದೆ. ಒಂದು ಬಾಲ್ಕನಿಯಲ್ಲಿ ಶಾಲೆಯ ಯೂನಿಫಾರ್ಮು ಒಣಗುತ್ತಿತ್ತು, ಒಂದೇ ಸೈಜಿನದು ಎರಡು. ಅಷ್ಟೇ ನೋಡಿದ್ದು. ಬಸ್ಸಿನಲ್ಲಿ ಬರುವಾಗ ಪೂರಾ ಅದೇ ಕಣ್ಣಿಗೆ ಕಟ್ಟಿತ್ತು.

ಪದವು ದೂರ, ನನಗೂ ಗೊತ್ತು. ಮೇಲೆ ಹತ್ತಲು ಜೀಪು ಮಾತ್ರ. ಅಂಗನವಾಡಿ ಬೇಕು, ರೇಷನ್ ಅಂಗಡಿ ಬೇಕು. ಅದೆಲ್ಲ ಆಮೇಲೆ ಕೇಳೋಣ. ನಮ್ಮ ಅಜ್ಜಿಗೆ ಜಾಗ ಸಿಕ್ಕಿದಾಗ ಅಲ್ಲಿಯೂ ದಾರಿ ಇರಲಿಲ್ಲ.

ಮಗಳಿಗೆ ಬರುವ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ. ಈ ಕಟ್ಟಡ ಅವಳ ಪರೀಕ್ಷೆಗೆ ಆಗುವುದಿಲ್ಲ. ಅವಳ ತಮ್ಮ ಈಗ ಐದನೇ ಕ್ಲಾಸು, ಅವನ ಪರೀಕ್ಷೆಗಾದರೂ ಆಗಬೇಕು. ಭಾನುವಾರ ನಾನು ಮುಂದಿನ ಸಾಲಿನಲ್ಲಿ ಕೂತು ಕೈ ಎತ್ತುತ್ತೇನೆ.

ವಿರೋಧ: ಆ ಪದವು ನಮ್ಮ ಟ್ಯಾಂಕಿ

ಮೇಲೆ ಬರೆದ ತಂಗಿ ನನಗೆ ಬೇರೆಯವಳಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯಲು ಬರುವವರಲ್ಲಿ ಅವಳೂ ಒಬ್ಬಳು. ಅವಳ ಅಜ್ಜಿ ನನ್ನನ್ನು ಎತ್ತಿ ಆಡಿಸಿದವರು. ಅವಳು ಬರೆದದ್ದನ್ನು ನನಗೆ ಮೊದಲೇ ತೋರಿಸಿದರು. ಗೇಟಿನ ಹತ್ತಿರ ನಾಯಿ ಬೊಗಳುವಾಗ ನಿಲ್ಲುವ ಮಾತು ಓದಿದ ಮೇಲೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆದರೂ ಆ ಪದವಿನ ಮೇಲೆ ಕಟ್ಟುವುದು ಬೇಡ ಅಂತಲೇ ನಾನು ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳಬೇಕು.

ನನ್ನದು ಒಂದೂಕಾಲು ಎಕ್ರೆ ಅಡಿಕೆ. ಬೋರ್‌ವೆಲ್ ಇಲ್ಲ. ಹೊಳೆಯೂ ಹತ್ತಿರ ಇಲ್ಲ. ಇರುವುದು ಒಂದು ಸುರಂಗ. ಅಜ್ಜನ ಕಾಲದಲ್ಲಿ ಇಬ್ಬರು ಕೆಲಸದವರು ಪಿಕ್ಕಾಸಿನಲ್ಲಿ ಕಡಿದು, ಬುಟ್ಟಿಯಲ್ಲಿ ಮಣ್ಣು ಹೊತ್ತು ಮಾಡಿದ್ದು. ಉದ್ದ 84 ಕೋಲು, ಅಂದರೆ ಸುಮಾರು 60 ಮೀಟರ್. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ, ಎರಡು ಕೈ ಪೂರ್ತಿ ಚಾಚಲು ಆಗದಷ್ಟು ಅಗಲ. ಒಳಗೆ ಹೋಗುವಾಗ ಕಡಿಯುವವರು ಮೋಂಬತ್ತಿ ಹಚ್ಚಿಕೊಂಡು ಹೋಗುತ್ತಿದ್ದರಂತೆ. ಬತ್ತಿ ಸಣ್ಣದಾದರೆ ಉಸಿರಾಡಲು ಗಾಳಿ ಸಾಲದು ಅಂತ ಹೊರಗೆ ಬರಬೇಕು. ನಾನು ವರ್ಷಕ್ಕೆರಡು ಸಲ ಟಾರ್ಚು ಹಿಡಿದು ಒಳಗೆ ಹೋಗಿ ಹೂಳು ತೆಗೆಯುತ್ತೇನೆ. ಮೊದಲ ಹತ್ತು ಕೋಲು ಗಟ್ಟಿ ಕೆಂಪು ಕಲ್ಲು. ಆಮೇಲೆ ಕಲ್ಲು ಮೆತ್ತಗಾಗುತ್ತದೆ. ಮತ್ತೂ ಒಳಗೆ ಗೋಡೆಯಲ್ಲಿ ಬಿಳಿ, ತಿಳಿ ಕೆಂಪು ಪಟ್ಟೆ ಕಾಣುತ್ತದೆ. ಅದು ಶೇಡಿ ಮಣ್ಣು. ಬೆರಳು ಒತ್ತಿದರೆ ಬೆಣ್ಣೆಯ ಹಾಗೆ ಗುರುತು ಬೀಳುತ್ತದೆ. ನೀರು ಬರುವುದು ಅದರ ಮೇಲಿನಿಂದ. ಟಪ್ ಟಪ್ ಅಂತ ಒಂದೊಂದೇ ಹನಿ, ಒಂದು ಕಡೆಯಿಂದ ಅಲ್ಲ, ಗೋಡೆ ಪೂರಾ ಬೆವರಿದ ಹಾಗೆ. ಕೊನೆಯಲ್ಲಿ ಮಣ್ಣಿನ ಸಣ್ಣ ಕಟ್ಟೆ, ಅಲ್ಲಿಂದ ಪೈಪು, ಪೈಪಿನಿಂದ ಹೊರಗಿನ ಟ್ಯಾಂಕಿ. ಪಂಪು ಬೇಡ, ಕರೆಂಟು ಬೇಡ.

ಆ ನೀರು ಎಲ್ಲಿಂದ ಬಂತು? ಪದವಿನಿಂದ. ಜೂನಿನಲ್ಲಿ ಪಾದೆಯ ಮೇಲಿನ ಪಳ್ಳ, ಅಂದರೆ ಮಳೆನೀರು ನಿಲ್ಲುವ ಹೊಂಡ, ತುಂಬುತ್ತದೆ. ಮಳೆಯೆಲ್ಲ ಸಮುದ್ರಕ್ಕೆ ಓಡುತ್ತದೆ ಅಂತ ತಂಗಿ ಬರೆದಿದ್ದಾಳೆ. ಸುಮಾರು ನೀರು ಓಡುವುದು ಹೌದು. ಆದರೆ ಪಳ್ಳದಲ್ಲಿ ನಿಂತದ್ದು, ಕಲ್ಲಿನ ತೂತುಗಳಲ್ಲಿ ಇಳಿದದ್ದು ಓಡುವುದಿಲ್ಲ. ಅದು ತಿಂಗಳುಗಟ್ಟಲೆ ನಿಧಾನ ಇಳಿದು ನಮ್ಮ ಸುರಂಗಕ್ಕೆ ಬರುತ್ತದೆ. ನಾನು ವಾಚು ಹಿಡಿದು ನೋಡಿದ್ದೇನೆ. ಡಿಸೆಂಬರಿನಲ್ಲಿ ಒಂದು ಕೊಡ ತುಂಬಲು ಒಂದು ನಿಮಿಷ. ಕಳೆದ ಮೇ ತಿಂಗಳ ಮೊದಲ ವಾರ ಹನ್ನೊಂದು ನಿಮಿಷ. ಮೇ ಕೊನೆಯ ಪತ್ತನಾಜೆ ದಾಟಿ ಮಳೆ ಬರುವವರೆಗೆ ಆ ಹನ್ನೊಂದು ನಿಮಿಷದಲ್ಲೇ ನಮ್ಮ ಜೀವನ. ಇದರಲ್ಲಿ ಇನ್ನೂ ಕಮ್ಮಿಯಾಗಲು ಜಾಗ ಎಲ್ಲಿದೆ?

ಇದು ತೋಟದವರ ಸ್ವಾರ್ಥ ಅಂತ ಕೆಲವರು ಹೇಳುತ್ತಾರೆ. ಗುಡ್ಡೆಯ ಸುತ್ತ ನಡೆದು ನಾನೇ ಎಣಿಸಿದೆ. ನೀರು ಬರುವ ಸುರಂಗ ಹನ್ನೊಂದು. ಅದರಲ್ಲಿ ತೋಟದವರದ್ದು ಏಳು. ಉಳಿದ ನಾಲ್ಕು ಹತ್ತು ಸೆಂಟ್ಸಿನ, ಐದು ಸೆಂಟ್ಸಿನ ಮನೆಗಳದ್ದು. ಒಂದು ಸುರಂಗ ಕಾಲನಿಯ ಹದಿನಾಲ್ಕು ಮನೆಗೆ ಕುಡಿಯಲು. ಅವರ ಮನೆಗೂ ಪೈಪು ಬಂದಿದೆ, ಏಪ್ರಿಲಿನಲ್ಲಿ ನಳ್ಳಿ ತಿರುಗಿಸಿದರೆ ಗಾಳಿ ಬರುತ್ತದೆ. ಗಡಿಯಾಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬರಡು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ನಮ್ಮದೇ ಮನೆಗೆ ಬಂದ ಹಾಗೆ ಖುಷಿಪಟ್ಟೆವು. ಅವರೂ ಕೂಲಿ ಕೆಲಸ ಮಾಡಿ ಮೇಲೆ ಬಂದವರು. ದುಡ್ಡಿಲ್ಲದವನಿಗೆ ನೀರು ಸಿಗಲು ಈ ಊರಲ್ಲಿ ಇದ್ದ ದಾರಿ ಸುರಂಗ.

ಈಗ 40 ಮನೆ ಅಂದರೆ 40 ಮನೆಯ ಕಕ್ಕಸು. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಏಳೂವರೆ ಮೀಟರ್ ದೂರ ಇರಬೇಕು ಅಂತ ನಿಯಮ ಇದೆ. ಬಾವಿಗೆ ಅದು ಸರಿ. ಆದರೆ ಸುರಂಗದ ಬಾಯಿ ಕೆಳಗೆ ನಮ್ಮ ತೋಟದಲ್ಲಿದೆ, ಅದರ ತುದಿ 60 ಮೀಟರ್ ಗುಡ್ಡೆಯ ಒಳಗೆ ಇದೆ. ಆ ಏಳೂವರೆ ಮೀಟರನ್ನು ಎಲ್ಲಿಂದ ಅಳೆಯಬೇಕು? ಯಾವ ನಕ್ಷೆಯಲ್ಲೂ ನಮ್ಮ ಸುರಂಗ ಇಲ್ಲ. ಇಂಜಿನಿಯರರ ಹತ್ತಿರ ಕೇಳಿದೆ. ಪಾಪ, ಅವರು ತೆಂಕಣ ಕಡೆಯವರು, ಸುರಂಗ ಅಂದರೆ ಏನು ಅಂತ ನನ್ನನ್ನೇ ಕೇಳಿದರು. ಕೊಳಚೆ ಶುದ್ಧ ಮಾಡುವ ಘಟಕ ಹಾಕುತ್ತೇವೆ ಅನ್ನುತ್ತಾರೆ. ಹಾಕಿದ ದಿನ ಅದು ನಡೆಯುತ್ತದೆ. ಐದು ವರ್ಷ ಆದ ಮೇಲೆ ಮೋಟರು ಸುಟ್ಟರೆ ರಿಪೇರಿಗೆ ದುಡ್ಡು ಹಾಕುವುದು ಯಾರು? ಫ್ಲಾಟಿನಲ್ಲಿರುವ ಕೂಲಿಯವರಾ?

ಮೇಲೆ ಹಾಕಿದ್ದು ಕೆಳಗೆ ಬರುತ್ತದೆ ಅಂತ ಈ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಗುಡ್ಡೆಗಳ ಮೇಲಿನ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಏನೂ ಆಗುವುದಿಲ್ಲ ಅಂತಲೇ ಆಗಲೂ ಹೇಳಿದ್ದರು. ಆ ವಿಷದಿಂದ ನರಳಿದ ಎಣ್ಮಕಜೆಯ ಮಕ್ಕಳನ್ನು ನೋಡಿದವರು ನಾವು. ಅದೂ ಇದೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ "ಏನೂ ಆಗುವುದಿಲ್ಲ" ಅಂತ ಯಾರಾದರೂ ಸುಮ್ನೆ ಹೇಳಿದರೆ ನಂಬಲು ನನ್ನಿಂದ ಆಗುವುದಿಲ್ಲ. ಪರೀಕ್ಷೆ ಮಾಡಿ ಕಾಗದ ತೋರಿಸಿ ಅಂತ ಕೇಳುತ್ತೇನೆ.

ಇನ್ನು ಗುಡ್ಡೆ ಜರಿಯುವ ಹೆದರಿಕೆ. ನಾಲ್ಕು ಮಹಡಿ ಕಟ್ಟಡ ನಿಲ್ಲಲು ಜಾಗ ಸಮ ಮಾಡಬೇಕು. ಲಾರಿ ಹತ್ತಲು ಜೆಸಿಬಿ ತಂದು ಬದಿ ಕಡಿದು ರಸ್ತೆ ಮಾಡಬೇಕು. ಮೇಲಿನ ಗಟ್ಟಿ ಕಲ್ಲನ್ನು ತೆಗೆದರೆ ಅಡಿಯಲ್ಲಿರುವುದು ಆ ಶೇಡಿ. ನೀರು ಕುಡಿದ ಶೇಡಿ ನಿಲ್ಲುವುದಿಲ್ಲ. ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ವೀರಮಲೆ ಗುಡ್ಡೆ 2025ರ ಜುಲೈಯಲ್ಲಿ ಹೆದ್ದಾರಿಗೆ ಜರಿದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ. ಹೆದ್ದಾರಿಗೆ ಅಂತ ಬದಿ ಕಡಿದ ಗುಡ್ಡೆ ಅದು. ನಮ್ಮ ಗುಡ್ಡೆಯ ಕೆಳಗೆ ಕಾಲನಿಯ ಹದಿನಾಲ್ಕು ಮನೆ ಇದೆ. ಬಡಗು ಬದಿಯಲ್ಲಿ ಕಲ್ಲು ಕಡಿದ ಮೇಲೆ ಆ ಕಡೆಯ ಎರಡು ಸುರಂಗ ಬತ್ತಿಹೋಯಿತು. ಆಗ ನಾವು ಬಾಯಿ ಮುಚ್ಚಿ ಕೂತದ್ದು ತಪ್ಪು. ತಂಗಿ ಹೇಳಿದ್ದು ಸರಿ. ನಮ್ಮ ಮನೆಯ ಹಿಂದಿನ ಗೋಡೆಯ ಕಲ್ಲೂ ಅಲ್ಲಿಂದಲೇ ಬಂದದ್ದು. ಆ ತಪ್ಪು ಒಂದು ಸಲ ಆಯಿತು, ಅದಕ್ಕೇ ಈಗ ಮಾತಾಡುತ್ತಿದ್ದೇನೆ.

ಗದ್ದೆಗೆ ಕಾನೂನಿನ ಬೇಲಿ ಇದೆ, ಪದವಿಗೆ ಇಲ್ಲ. ಇದು ನನ್ನನ್ನು ತುಂಬಾ ಕಾಡುವ ವಿಷಯ. ದಾಖಲೆಯಲ್ಲಿ ಪದವು ಅಂದರೆ ತರಿಶು, ಪ್ರಯೋಜನ ಇಲ್ಲದ ಭೂಮಿ. ಕಸ ಹಾಕಲು ಜಾಗ ಬೇಕಾ? ತರಿಶು. ಫ್ಯಾಕ್ಟರಿ ಬೇಕಾ? ತರಿಶು. ಓಣಂ ಹೊತ್ತಿಗೆ ಆ ತರಿಶಿನ ಮೇಲೆ ಬಂದು ನೋಡಿ. ಮಲಯಾಳದವರು ಕಾಕ್ಕಪ್ಪೂವು ಅನ್ನುವ ನೀಲಿ ಹೂ ಪಾದೆಯುದ್ದಕ್ಕೂ ಅರಳಿರುತ್ತದೆ. ಅಂಗುಲ ದಪ್ಪ ಮಣ್ಣಿಲ್ಲದ ಕಲ್ಲಿನ ಮೇಲೆ! ಮಕ್ಕಳು ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ ಅಂತ ಬುಟ್ಟಿ ಹಿಡಿದು ಹತ್ತುತ್ತಾರೆ. ದನಗಳು ಪಳ್ಳದಲ್ಲಿ ನೀರು ಕುಡಿಯುತ್ತವೆ. ಈ ಹೂವಿಗೋಸ್ಕರ ಯಾರಿಗೂ ಮನೆ ಬೇಡ ಅನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಆದರೆ ಪ್ರಯೋಜನ ಇಲ್ಲದ ಭೂಮಿ ಅಂತ ಬರೆದವರು ಒಂದು ಸಲವೂ ಅಲ್ಲಿ ಹತ್ತಿ ನೋಡಿಲ್ಲ.

ಓಟಿನ ಕ್ರಮದ ಬಗ್ಗೆಯೂ ನನಗೆ ಹೇಳಲಿಕ್ಕಿದೆ. ಗ್ರಾಮಸಭೆಗೆ ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಜನ ಬಂದರೆ ಸಾಕು. ಆಮೇಲೆ ಕೈ ಎತ್ತಿಸುತ್ತಾರೆ. ಹಾಲಿನಲ್ಲಿ ಯಾರ ಕೈ ಮೇಲಿದೆ, ಯಾರದ್ದು ಕೆಳಗಿದೆ ಅಂತ ಎಲ್ಲರಿಗೂ ಕಾಣುತ್ತದೆ. ನಮ್ಮ ಅಂಗಳಕ್ಕೆ ಕೆಲಸಕ್ಕೆ ಬರುವವರು ನನ್ನ ಎದುರು ಧೈರ್ಯದಲ್ಲಿ ಕೈ ಎತ್ತುತ್ತಾರಾ? ಅವರು ಎತ್ತದೆ ಇದ್ದರೆ ಅದು ನನಗೆ ಸಿಕ್ಕಿದ ಓಟು ಅಲ್ಲ, ಅವರ ಸಂಕೋಚ. ಆ ಹಾಗೆ ಗೆಲ್ಲಲು ನನಗೆ ಇಷ್ಟ ಇಲ್ಲ. ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ಹಾಗೆ ಮಾಡಿ ಅಂತ ಮೆಂಬರರ ಹತ್ತಿರ ಹೇಳಿದ್ದೇನೆ. ಸಭೆಯ ನೋಟೀಸು ಕೂಡ ಮಲಯಾಳದಲ್ಲಿ ಮಾತ್ರ ಬಂತು. ನಮ್ಮ ಮನೆಯ ಹೆಂಗಸರಿಗೆ, ಕಾಲನಿಯ ಮುದುಕರಿಗೆ ಅದನ್ನು ಓದಲು ಬರುವುದಿಲ್ಲ. ಕನ್ನಡದಲ್ಲೂ ಕೊಡಬೇಕು ಅಂತ ಕೇಳುವುದು ನಮ್ಮ ಹಕ್ಕು. ಕಟ್ಟಡ ಬೇಕು ಅನ್ನುವವರಿಗೂ ಆ ಹಕ್ಕು ಬೇಕಲ್ವಾ? ಗುಂಡಿ ಎಲ್ಲಿ ಬರುತ್ತದೆ, ರಸ್ತೆ ಯಾವ ಬದಿಯಲ್ಲಿ ಕಡಿಯುತ್ತಾರೆ ಅಂತ ಒಂದು ನಕ್ಷೆಯನ್ನು ಇದುವರೆಗೆ ಯಾರೂ ಗೋಡೆಗೆ ಅಂಟಿಸಿಲ್ಲ. ಅದನ್ನು ನೋಡದೆ ಬೇಕು ಅನ್ನುವುದು ಹೇಗೆ, ಬೇಡ ಅನ್ನುವುದು ಹೇಗೆ? ಭೂಗರ್ಭದವರು ಬಂದು ಹನ್ನೊಂದು ಸುರಂಗವನ್ನೂ ನಕ್ಷೆಯಲ್ಲಿ ಗುರುತು ಮಾಡಲಿ. ಆಮೇಲೆ ಸಭೆ ಕರೆಯಲಿ.

"ಹೊರಗಿನವರು" ಅನ್ನುವ ಮಾತು ನಮ್ಮ ಕಡೆಯಿಂದ ಬಂದದ್ದು ಹೌದು. ಅದನ್ನು ಹೇಳಿದವರಿಗೆ ನಾನು ಮುಖಕ್ಕೇ ಹೇಳಿದ್ದೇನೆ, ಆ ಮಾತು ಇಟ್ಟುಕೊಂಡು ನನ್ನ ಹತ್ತಿರ ಬರಬೇಡಿ ಅಂತ.

ಹಾಗಾದರೆ ಮನೆ ಎಲ್ಲಿ? ಒಂದೇ ಕಡೆ 40 ಮನೆ ಒಟ್ಟು ಹಾಕಲೇಬೇಕು ಅಂತ ಏನಿದೆ? ನಾಲ್ಕು ನಾಲ್ಕು ಮನೆಯಾಗಿ, ಈಗಾಗಲೇ ದಾರಿ, ಶಾಲೆ, ಕರೆಂಟು ಇರುವ ಜಾಗದಲ್ಲಿ, ತೋಟಗಳ ಮೇಲಿನ ಬೆಟ್ಟಿನಲ್ಲಿ ಕಟ್ಟಬಹುದು. ಅದಕ್ಕೆ ಜಾಗ ಇರುವವರು ಬಿಟ್ಟುಕೊಡಬೇಕು. 2021ರಲ್ಲಿ ಸರಕಾರ ಜಾಗ ಕೇಳಿದ ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದ್ದೆ. ಓದಿ ಪುಟ ಮಗುಚಿದೆ. ಅವಳು ಬರೆದ ಆ ಸಾಲಿಗೆ ನನ್ನ ಹತ್ತಿರ ಉತ್ತರ ಇಲ್ಲ. ಈಗ ಮನೆಯಲ್ಲಿ ಮಾತಾಡಿದ್ದೇನೆ. ತಮ್ಮನೂ ಒಪ್ಪಿದ್ದಾನೆ. ರಸ್ತೆ ಬದಿಯ ಬೆಟ್ಟಿನಲ್ಲಿ ನಮ್ಮದು 12 ಸೆಂಟ್ಸು ಗೇರು ಹಾಕಿದ ಜಾಗ ಇದೆ. ಅದನ್ನು ಪಂಚಾಯತಿಗೆ ಬರೆದುಕೊಡುತ್ತೇನೆ. ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತೇನೆ, ಇನ್ನೂ ಇಬ್ಬರ ಹತ್ತಿರ ಕೇಳಿದ್ದೇನೆ, ಒಬ್ಬರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ. 12 ಸೆಂಟ್ಸಿನಲ್ಲಿ 40 ಮನೆ ಆಗುವುದಿಲ್ಲ, ನಾಲ್ಕು ಆಗಬಹುದು.

ಸಭೆಯ ಮೊದಲಿನ ದಿನ, ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ನಾನು ಸುರಂಗದ ಬಾಯಿಯಲ್ಲಿ ಇರುತ್ತೇನೆ. ಕಟ್ಟಡ ಬೇಕು ಅನ್ನುವವರೂ ಬನ್ನಿ, ಬೇಡ ಅನ್ನುವವರೂ ಬನ್ನಿ. ಚಪ್ಪಲಿ ಹೊರಗೆ ಬಿಡಬೇಕು. ಒಂದು ಸಲಕ್ಕೆ ಇಬ್ಬರೇ ಒಳಗೆ ಹೋಗಲು ಆಗುವುದು. ಬಾವಲಿ ಹಾರಿದರೆ ಹೆದರಬೇಡಿ, ಏನೂ ಮಾಡುವುದಿಲ್ಲ. ನಾಯಿಯನ್ನು ಕಟ್ಟಿ ಹಾಕಿರುತ್ತೇನೆ.